ಅಪ್ಪಯ್ಯನ ಕೆಂಪು ಮಾರುತಿಗೆ ಹೊಳಪು ಬಂತು: ಶಿವಮೊಗ್ಗದ ಒಂದು ಶೆಡ್ಡಿನ ಪಾಲಿಶ್ ಕೆಲಸ

ನಮ್ಮದು 1999ರ ಕೆಂಪು ಮಾರುತಿ 800. ಅಪ್ಪಯ್ಯ ತೀರಿಕೊಂಡ ಮೇಲೆ ಎರಡು ವರ್ಷ ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ, ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತೇ ಇತ್ತು. ಮಾಡು ಸಣ್ಣದು, ಬಾನೆಟ್ಟು ಪೂರ್ತಿ ಹೊರಗೆ. ಮಳೆಗಾಲದಲ್ಲಿ ಗಾಜಿನ ಸುತ್ತಲ ರಬ್ಬರ್ ಬೀಡಿಂಗಿಗೆ ಪಾಚಿ ಹಿಡಿಯಿತು, ಬೇಸಿಗೆಯಲ್ಲಿ ಬಿಸಿಲು ಬಣ್ಣವನ್ನು ತಿಂದಿತು. ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡ ಬಾನೆಟ್ಟನ್ನು ಸವರಿದರೆ ಬೆರಳಿಗೆ ತಿಳಿಗೆಂಪು ಪುಡಿ ಅಂಟುತ್ತಿತ್ತು.

ಎಫ್‌ಸಿ ಮಾಡಿಸುವ ಮೊದಲು ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಗಾಡಿ ಸುತ್ತ ಒಂದು ಸುತ್ತು ಬಂದವರು "ಪೂರ್ತಿ ಪೇಂಟ್ ಹೊಡೆಸಿ, ಮೂವತ್ತೆರಡು ಸಾವಿರ" ಅಂದರು. ಬಣ್ಣವನ್ನು ಮುಟ್ಟಿಯೂ ನೋಡಲಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ. ಕಂಪನಿಯಲ್ಲಿ ಬೇಯಿಸಿ ಹಾಕಿದ ಬಣ್ಣದ ಗಟ್ಟಿತನ ಮತ್ತೆ ಹೊಡೆಸಿದ್ದಕ್ಕೆ ಸುಲಭಕ್ಕೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ಅಪ್ಪಯ್ಯ ಆರಿಸಿ ತಂದ ಕೆಂಪು.

ಪಕ್ಕದ ಮನೆಯವರು ಹೇಳಿದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಬೋರ್ಡೂ ಇಲ್ಲದ ಒಂದು ಶೆಡ್ಡು. ಅದನ್ನು ನಡೆಸುವವರನ್ನು ಎಲ್ಲರೂ 'ಪೇಂಟರ್ ಭಾಯ್' ಅಂತಲೇ ಕರೆಯುವುದು. ಅವರು ಮೊದಲು ಒಂದು ಬಿಳಿ ಬನಿಯನ್ ಬಟ್ಟೆಗೆ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್) ಹಚ್ಚಿ, ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಕೈಯಲ್ಲೇ ಉಜ್ಜಿದರು. ಬಟ್ಟೆ ಕೆಂಪಾಯಿತು. ನಾನು ಹೆದರಿದೆ. ಅವರು ಮಾತ್ರ ಖುಷಿಯಿಂದ "ಅಕ್ಕಾ, ಬಣ್ಣ ಬಟ್ಟೆಗೆ ಬಂತು ಅಂದ್ರೆ ಇದರ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇಲ್ಲ. ಬಣ್ಣದ ಮೇಲಿನ ಪದರ ಮಾತ್ರ ಸತ್ತಿದೆ, ಕೆಳಗೆ ಬಣ್ಣ ಹಾಗೇ ಇದೆ" ಅಂದರು. ಉಜ್ಜಿದ ಜಾಗ ಒರೆಸಿ ತೋರಿಸಿದರು. ಸುತ್ತ ಎಲ್ಲ ಬೂದು, ನಡುವೆ ಮಾತ್ರ ಹಣ್ಣಾದ ಕಾಫಿ ಬೀಜದ ಕೆಂಪು. ಅದರೊಳಗೆ ಶೆಡ್ಡಿನ ಟ್ಯೂಬ್‌ಲೈಟ್ ಕಾಣುತ್ತಿತ್ತು. ನನ್ನ ಕಣ್ಣು ತುಂಬಿ ಬಂತು.

ಕ್ಲಿಯರ್ ಕೋಟ್ ಇರುವ ಗಾಡಿಯಾದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲವಂತೆ. ಆ ಪದರವೇ ಎದ್ದು ಚಕ್ಕೆ ಚಕ್ಕೆ ಬರುತ್ತಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಪೇಂಟೇ ಆಗಬೇಕು ಅಂತಲೂ ಹೇಳಿದರು.

ತೊಳೆದು, ರಬ್ಬರಿಗೂ ಅಂಚುಗಳಿಗೂ ಟೇಪ್ ಅಂಟಿಸಿ, ಉಣ್ಣೆಯ ಪ್ಯಾಡ್ ಹಾಕಿದ ಮೆಷಿನ್‌ನಲ್ಲಿ ಕಾಂಪೌಂಡ್ ಹೊಡೆದರು. ಆಮೇಲೆ ಸ್ಪಂಜಿನ ಪ್ಯಾಡಿನಲ್ಲಿ ನಯವಾದ ಪಾಲಿಶ್, ಕೊನೆಗೆ ಕಾರ್ನೂಬಾ ಅನ್ನುವ ಮೇಣದ ವ್ಯಾಕ್ಸ್. ಕೆಲಸದ ಹುಡುಗ ಮೆಷಿನ್ ಒಂದೇ ಕಡೆ ಹಿಡಿದಾಗ ಭಾಯ್ ಕೂಗಿ ನಿಲ್ಲಿಸಿದರು. ಬಿಸಿ ಏರಿದರೆ ಬಣ್ಣ ಸುಡುತ್ತದೆ, ಅಂಚಿನಲ್ಲಿ ಪದರ ತೆಳು ಇರುವುದರಿಂದ ಬಣ್ಣದ ಅಡಿಯ ಪ್ರೈಮರೇ ಕಂಡುಬಿಡುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಗೆರೆ ಎಲ್ಲವನ್ನೂ ಅವರೇ ಕೂತು ಕೈಯಲ್ಲಿ ಉಜ್ಜಿದರು. ನನಗೆ ಅವರ ಮೇಲೆ ನಂಬಿಕೆ ಕೂತಿದ್ದು ಆಗ.

ಆಗದ್ದನ್ನು ಆಗಲ್ಲ ಅಂತ ಮೊದಲೇ ಹೇಳಿದರು. ಟಾಪಿನ ಮೇಲೆ ಕ್ಯಾರಿಯರ್ ಉಜ್ಜಿ ಪ್ರೈಮರ್ ಕಾಣುವ ಎರಡು ಕಡೆ ಹಾಗೇ ಇದೆ. ಡಿಕ್ಕಿಯ ಮೇಲೆ ಅಡಿಕೆ ಬೇಯಿಸಿದ ಚೊಗರು ಚೆಲ್ಲಿ ಆದ ಕಪ್ಪು ಕಲೆ ಮುಕ್ಕಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಅದು ಅಪ್ಪಯ್ಯನ ಕಾಲದ್ದು, ಇರಲಿ.

ಬೇಸರವಾದ ವಿಷಯವನ್ನೂ ಹೇಳಬೇಕು. ಒಂದು ದಿನ ಅಂದಿದ್ದು ಎರಡು ದಿನವಾಯಿತು. ಕರೆಂಟು ಹೋಗಿತ್ತಂತೆ, ಒಂದು ಫೋನ್ ಮಾಡಿದ್ದರೆ ನಾನು ಸುಮ್ಮನೆ ಅರವತ್ತು ಕಿಲೋಮೀಟರ್ ಬಸ್ಸಲ್ಲಿ ಬರುತ್ತಿರಲಿಲ್ಲ. ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಕಾಂಪೌಂಡ್ ಸಿಡಿದು ಬಿಳಿಯಾಗಿ ಒಣಗಿತ್ತು. ಮನೆಗೆ ಬಂದು ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಅರ್ಧ ಗಂಟೆ ತಿಕ್ಕಿದೆ. ಟೇಪ್ ಅಲ್ಲಿಗೂ ಹಾಕಿ ಅಂತ ನೀವು ಮೊದಲೇ ಕೇಳಿಕೊಳ್ಳಿ.

ಕೊಟ್ಟಿದ್ದು ಮೂರು ಸಾವಿರ, ವ್ಯಾಕ್ಸ್ ಸೇರಿ. ಡೀಸೆಲ್ ಬಟ್ಟೆಯಲ್ಲಿ ಒರೆಸಬೇಡಿ ಅಂತ ಖಡಾಖಂಡಿತವಾಗಿ ಹೇಳಿ ಕಳಿಸಿದರು. ಆ ಹೊಳಪು ಒಂದು ದಿನದ್ದು, ಆಮೇಲೆ ಧೂಳು ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚದಿದ್ದರೆ ಬಣ್ಣ ಮತ್ತೆ ಬಿಳಿಚಿಕೊಳ್ಳುತ್ತದಂತೆ. ಪ್ರತಿ ಸಲ ಕಾಂಪೌಂಡ್ ಹೊಡೆಸಬಾರದು, ಬಣ್ಣ ಸವೆಯುತ್ತದೆ. ನಾನು ಜೂನ್‌ಗೆ ಮೊದಲು ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಹಚ್ಚಿದೆ. ಈ ಮಳೆಗಾಲ ಪೂರ್ತಿ ಬಾನೆಟ್ಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಗುಂಡಗೆ ಉರುಳುತ್ತಿತ್ತು.

ದೀಪಾವಳಿ ಕಳೆದ ಮೇಲೆ ತಮ್ಮನ ಓಮ್ನಿಯನ್ನೂ ಅಲ್ಲಿಗೇ ಕಳಿಸುತ್ತಿದ್ದೇವೆ. ಅದರ ಬಾಗಿಲ ಕೆಳಗೆ ತುಕ್ಕು ಶುರುವಾಗಿದೆ. ಭಾಯ್ ಅದಕ್ಕೆ ಏನು ಹೇಳುತ್ತಾರೋ ಕೇಳಬೇಕು.