ಫೇರೂನ್, ಎಬೆರಾನ್, ಅಥಾಸ್: ಯಾವ ಲೋಕದಲ್ಲಿ ಏನನ್ನು ಎಣಿಸಬೇಕು

ಕಲ್ಪಿತ ಲೋಕದಲ್ಲಿ ಪಾತ್ರ ವಹಿಸಿ ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಗುಂಪು ಕೂಡಿದ ಕೂಡಲೇ ಏಳುವ ಪ್ರಶ್ನೆ, ಯಾವ ಲೋಕದಲ್ಲಿ ಆಡೋಣ ಎಂಬುದು. ಮೂರು ಲೋಕಗಳನ್ನೂ ಐದನೇ ಆವೃತ್ತಿಯ 2014ರ ನಿಯಮಗಳಲ್ಲೇ ಆಡಿ ನೋಡಿದ ಮೇಲೆ ಹೇಳುವುದಿಷ್ಟು: ಭೂಪಟದ ಚಂದ ನೋಡಿ ಆರಿಸಬೇಡಿ. ಆಟಗಾರರು ಏನನ್ನು ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ ಎಂಬುದನ್ನು ನೋಡಿ ಆರಿಸಿ.

ಎಡ್ ಗ್ರೀನ್‌ವುಡ್ ಕಟ್ಟಿದ ಫರ್ಗಾಟನ್ ರೆಲ್ಮ್ಸ್ 1987ರಲ್ಲಿ ಆಟದ ಪುಸ್ತಕಗಳ ಪೆಟ್ಟಿಗೆಯಾಗಿ ಬಂತು. ಅದರ ಫೇರೂನ್ ಖಂಡ ಹೊಸಬರಿಗೆ ಸಲೀಸು: ಹೋಟೆಲು, ಗವಿ, ಗಾಬ್ಲಿನ್, ಎಲ್ಲವೂ ನಿರೀಕ್ಷಿಸಿದಂತೆಯೇ ಇರುತ್ತವೆ. ತೊಂದರೆ ಕೊಡುವುದು ಮಾಹಿತಿಯ ರಾಶಿ. ಆ ಲೋಕದ ಕಾದಂಬರಿಗಳನ್ನು ಓದಿಕೊಂಡ ಒಬ್ಬ ಆಟಗಾರನಿದ್ದರೂ ಸಾಕು, ಆಟ ನಡೆಸಿಕೊಡುವ ಡಿಎಂ (ಡಂಜನ್ ಮಾಸ್ಟರ್) ಹೇಳಿದ್ದನ್ನೆಲ್ಲ ತಿದ್ದುತ್ತಾ ಹೋಗುತ್ತಾನೆ. ಅದಕ್ಕೆ ಮೊದಲ ದಿನವೇ ಒಂದೇ ಊರು, ಸುತ್ತ ಎರಡು ದಿನದ ನಡಿಗೆ ಎಂದು ಗಡಿ ಹಾಕಿ. ಎಲ್ಮಿನ್‌ಸ್ಟರ್‌ನಂಥ ಮಹಾಮಾಂತ್ರಿಕರನ್ನು ಮೇಜಿನ ಹತ್ತಿರವೂ ಸುಳಿಯಗೊಡಬೇಡಿ. ಅವರಿದ್ದರೆ ನಾವೇಕೆ ಬೇಕು ಎಂದು ಆಟಗಾರರು ಕೇಳಿಯೇ ಕೇಳುತ್ತಾರೆ.

ವರ್ಷಗಟ್ಟಲೆ ನಡೆಯುವ ಕ್ಯಾಂಪೇನ್‌ಗೆ ನನ್ನ ಆಯ್ಕೆ ಎಬೆರಾನ್. 2002ರಲ್ಲಿ ಆಟದ ಪ್ರಕಾಶಕರಾದ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಕೀತ್ ಬೇಕರ್ ಅವರ ಈ ಲೋಕ 2004ರಲ್ಲಿ ಪುಸ್ತಕವಾಯಿತು. ಅಲ್ಲಿನ ಕಾಲಗಣನೆಯಲ್ಲಿ ನೂರು ವರ್ಷದ ಯುದ್ಧ 996ರಲ್ಲಿ ಮುಗಿದಿದೆ, ಆಟ ಶುರುವಾಗುವುದು 998ಕ್ಕೆ. ಯುದ್ಧದಲ್ಲಿ ಒಬ್ಬ ಕ್ಯಾರೆಕ್ಟರ್ ಯಾರ ಪರವಾಗಿ ಕಾದಾಡಿದ ಎಂದು ಕೇಳಿದರೆ ಸಾಕು, ಅರ್ಧ ಹಿನ್ನೆಲೆ ಸಿದ್ಧ. 994ರಲ್ಲಿ ಸೈರ್ ದೇಶ ಹಾಳಾದದ್ದೇಕೆ ಎಂಬುದನ್ನು ಪುಸ್ತಕಗಳು ಬೇಕೆಂದೇ ಬಿಟ್ಟಿವೆ, ಅದು ಡಿಎಂಗೆ ಸಿಕ್ಕ ದೊಡ್ಡ ವರ. ಇಲ್ಲಿ ಎಣಿಸಬೇಕಾದದ್ದು ಯಾರ ಋಣ ಯಾರ ಮೇಲಿದೆ ಎಂಬುದನ್ನು. ಹಾಗಾಗಿ ಪ್ರತಿ ಸೆಷನ್ ಕೊನೆಗೆ ಹೆಸರು, ಮನೆತನ, ಬಾಕಿ ಉಪಕಾರ ಎಂದು ಮೂರು ಕಲಂ ಬರೆದಿಡಿ. ಇಲ್ಲವಾದರೆ ನಾಲ್ಕನೇ ಸೆಷನ್ ಹೊತ್ತಿಗೆ ಒಳಸಂಚಿನ ಎಳೆ ಯಾರಿಗೂ ನೆನಪಿರುವುದಿಲ್ಲ.

ಎಬೆರಾನ್‌ನ ಶಾರ್ನ್ ನಗರದ ಗೋಪುರಗಳ ಮೇಲೆ ಜಗಳವಾದರೆ ಇನ್ನೊಂದು ಲೆಕ್ಕವೂ ಬೇಕು. 200 ಅಡಿಗಿಂತ ಎಷ್ಟೇ ಮೇಲಿಂದ ಬಿದ್ದರೂ ಪೆಟ್ಟು ಆರು ಮುಖದ 20 ಡೈಸ್, ಸರಾಸರಿ 70. ಬೀಳುವವರನ್ನು ನಿಧಾನವಾಗಿ ಇಳಿಸುವ ಫೆದರ್ ಫಾಲ್ ಸ್ಪೆಲ್ (ಮಂತ್ರ) ಆರು ಸೆಕೆಂಡಿನ ಒಂದು ಸುತ್ತಿಗೆ 60 ಅಡಿಯಂತೆ ಒಂದೇ ನಿಮಿಷ ಕಾಯುತ್ತದೆ, ಅಂದರೆ 600 ಅಡಿ. ಅಷ್ಟರೊಳಗೆ ಕೆಳಗೊಂದು ಸೇತುವೆ ಇದೆಯೋ ಇಲ್ಲವೋ ಎಂಬುದನ್ನು ಡಿಎಂ ಮೊದಲೇ ಗುರುತು ಹಾಕಿಕೊಂಡಿರಬೇಕು.

ಆರೆಂಟು ಸೆಷನ್‌ಗೆ ಮುಗಿಸುವುದಿದ್ದರೆ ಮಾತ್ರ ಡಾರ್ಕ್ ಸನ್‌ಗೆ ಸಾಟಿ ಇನ್ನೊಂದಿಲ್ಲ. 1991ರಲ್ಲಿ ಬಂದ ಈ ಲೋಕದ ಹೆಸರು ಅಥಾಸ್. ದೇವರಿಲ್ಲ, ಕಬ್ಬಿಣ ಅಪರೂಪ, ನಾಣ್ಯವೂ ಸುಟ್ಟ ಮಣ್ಣಿನದು. ಎಣಿಸಬೇಕಾದದ್ದು ನೀರು.

ಬಿಸಿಲಲ್ಲಿ ತಲೆಗೆ ದಿನಕ್ಕೆ 2 ಗ್ಯಾಲನ್ ಬೇಕು. ಒಂದು ತೊಗಲ ಚೀಲಕ್ಕೆ ಅರ್ಧ ಗ್ಯಾಲನ್ ಹಿಡಿಯುತ್ತದೆ, ತುಂಬಿದಾಗ ತೂಕ 5 ಪೌಂಡ್. ಎರಡು ದಿನದ ನೀರೆಂದರೆ 8 ಚೀಲ, 40 ಪೌಂಡ್. ಐಚ್ಛಿಕ ಭಾರದ ನಿಯಮ ಹಿಡಿದರೆ, ಶಕ್ತಿಯ ಅಂಕ 8 ಇರುವ ಮಾಂತ್ರಿಕ ನಿಧಾನವಾಗದೆ ಹೊರಬಲ್ಲದ್ದು ಅಷ್ಟೇ. ಮೇಲೊಂದು ಕಠಾರಿ ಇಟ್ಟರೂ ಅವನ ವೇಗ 10 ಅಡಿ ಇಳಿಯುತ್ತದೆ. ಅರ್ಧ ನೀರು ಕುಡಿದು ನಡೆದರೆ ಸಂಜೆಗೆ 15ರ ಸೇವ್ (ಡೈಸ್ ಉರುಳಿಸಿ 15 ಮುಟ್ಟಿ ಪಾರಾಗುವ ಪ್ರಯತ್ನ), ತಪ್ಪಿದರೆ ಒಂದು ಹಂತದ ಬಳಲಿಕೆ.

ಇದನ್ನೆಲ್ಲ ಕೆಡಿಸುವುದು ಒಂದೇ ಒಂದು ಸ್ಪೆಲ್, ನೀರು ಸೃಷ್ಟಿಸುವುದು. ಮೊದಲ ಮಟ್ಟದ ಒಂದು ಸ್ಲಾಟ್‌ಗೆ (ದಿನಕ್ಕಿಷ್ಟೇ ಎಂದು ಸಿಗುವ ಸ್ಪೆಲ್ ಅವಕಾಶ) 10 ಗ್ಯಾಲನ್, ಐದು ಜನರ ಒಂದು ದಿನದ ಬಾಯಾರಿಕೆಗೆ ಸರಿಯಾಗಿ ಅಷ್ಟೇ! ಅದನ್ನು 2 ಗ್ಯಾಲನ್‌ಗೆ ಇಳಿಸಿ. 1991ರ ಪುಸ್ತಕದಂತೆ ಅಥಾಸ್‌ನಲ್ಲಿ ಆಟ ಕ್ಯಾರೆಕ್ಟರ್‌ಗಳ ಮೂರನೇ ಲೆವೆಲ್‌ನಿಂದ ಶುರು, ಆ ಲೆವೆಲ್‌ನ ಕ್ಲೆರಿಕ್‌ಗೆ (ಗಾಯ ವಾಸಿಮಾಡುವ ಸ್ಪೆಲ್ ಬಲ್ಲ ಕ್ಯಾರೆಕ್ಟರ್) ಮೊದಲ ಮಟ್ಟದ ಸ್ಲಾಟ್ ನಾಲ್ಕು. ನಾಲ್ಕನ್ನೂ ನೀರಿಗೇ ಸುರಿದರೂ ಐದನೆಯವರ ಚೀಲ ಬರಿದಾಗಿಯೇ ಇರುತ್ತದೆ. ಅವರಿಗೂ ನೀರು ಕೊಡಬೇಕಾದರೆ ಗಾಯಕ್ಕೆಂದು ತೆಗೆದಿಟ್ಟ ಎರಡನೇ ಮಟ್ಟದ ಸ್ಲಾಟ್‌ಗೆ ಕೈಹಾಕಬೇಕು.