ವಕೀಲರ ‘ಗೆಲುವಿನ ಲೆಕ್ಕ’ ಹುಡುಕುವವರಿಗೆ ಇ-ಕೋರ್ಟ್ಸ್ ಎಷ್ಟು ಉಪಯುಕ್ತ?

ಮನೆಯವರೊಬ್ಬರ ಮೇಲೆ ಕ್ರಿಮಿನಲ್ ಕೇಸು ದಾಖಲಾದ ಕೂಡಲೇ ವಕೀಲರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇವರು ಎಷ್ಟು ಕೇಸು ಗೆದ್ದಿದ್ದಾರೆ? ಅಮೆರಿಕದಲ್ಲಿ ವಕೀಲರು ತಮ್ಮ ಜಾಲತಾಣದಲ್ಲಿ ಖುಲಾಸೆಗಳ ಪಟ್ಟಿಯನ್ನೇ ಹಾಕಿಕೊಳ್ಳುವುದುಂಟು. ನಮ್ಮಲ್ಲಿ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನು ನಿಷೇಧಿಸಿದೆ. 2008ರ ತಿದ್ದುಪಡಿಯ ನಂತರ ಜಾಲತಾಣ ಇಟ್ಟುಕೊಳ್ಳಬಹುದಾದರೂ ಅಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ವಕಾಲತ್ತಿನ ಕ್ಷೇತ್ರದಂಥ ವಿವರಗಳಿಗಷ್ಟೇ ಅವಕಾಶ. ಹಾಗಾಗಿ ‘ನೂರಕ್ಕೆ ತೊಂಬತ್ತು ಗೆಲುವು’ ಎಂದು ಯಾರಾದರೂ ಪ್ರಚಾರ ಮಾಡಿಕೊಂಡರೆ, ಅದನ್ನು ನಂಬುವ ಮಾತು ಹಾಗಿರಲಿ, ಆ ಪ್ರಚಾರವೇ ನಿಯಮಭಂಗ. ಸಾಮಾನ್ಯರಿಗೆ ಉಳಿಯುವ ದಾರಿ ಸುಪ್ರೀಂ ಕೋರ್ಟಿನ ಇ-ಸಮಿತಿಯ ಉಸ್ತುವಾರಿಯಲ್ಲಿರುವ ನ್ಯಾಯಾಲಯಗಳ ಪ್ರಕರಣಗಳ ವಿವರವನ್ನು ಆನ್‌ಲೈನಿನಲ್ಲಿ ತೋರಿಸುವ ‘ಇ-ಕೋರ್ಟ್ಸ್ ಸರ್ವಿಸಸ್’ ಎಂಬ ಉಚಿತ ಸೇವೆ.

ಹುಡುಕುವ ಕ್ರಮ ಕಷ್ಟದ್ದಲ್ಲ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ವಕೀಲರ ಹೆಸರನ್ನೋ ನೋಂದಣಿ ಸಂಖ್ಯೆಯನ್ನೋ ಕೊಟ್ಟು, ಬಾಕಿ ಇರುವ ಪ್ರಕರಣಗಳು ಬೇಕೋ ಇತ್ಯರ್ಥವಾದವು ಬೇಕೋ ಎಂದು ಗುರುತಿಸಿ, ಕ್ಯಾಪ್ಚಾ ತುಂಬಿದರೆ ಪಟ್ಟಿ ತೆರೆದುಕೊಳ್ಳುತ್ತದೆ. ಹೆಸರಿನಿಂದ ಹುಡುಕುವುದು ಮಾತ್ರ ಬೇಸರದ ಕೆಲಸ: ಇನಿಶಿಯಲ್ ಹಿಂದಿದೆಯೋ ಮುಂದಿದೆಯೋ, ನಡುವೆ ಚುಕ್ಕಿ ಇದೆಯೋ ಇಲ್ಲವೋ ಎಂದು ತಡಕಾಡಬೇಕು, ಒಂದೇ ಹೆಸರಿನ ಇಬ್ಬರು ವಕೀಲರಿದ್ದರಂತೂ ಪಟ್ಟಿ ಕಲಸಿಹೋಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪೊಲೀಸರು ಹೂಡುವ ಪ್ರಕರಣ ದಾಖಲೆಗೆ ಬರುವುದು ದೋಷಾರೋಪ ಪಟ್ಟಿಯಿಂದ. ಆರೋಪಿಯ ಪರ ವಕಾಲತ್ತು ಬಂದಾಗ ಸಿಬ್ಬಂದಿ ಆ ವಕೀಲರ ಹೆಸರನ್ನು ನಮೂದಿಸದಿದ್ದರೆ, ಅವರು ವರ್ಷಗಟ್ಟಲೆ ನಡೆಸಿದ ಕೇಸು ಕೂಡ ಅವರ ಲೆಕ್ಕಕ್ಕೆ ಸೇರುವುದಿಲ್ಲ.

ಪಟ್ಟಿ ಪೂರ್ಣವಾಗಿದೆ ಎಂದೇ ಇಟ್ಟುಕೊಂಡರೂ ಫಲಿತಾಂಶವನ್ನು ಎಣಿಸಿ ಹೆಚ್ಚಿನದೇನೂ ತಿಳಿಯದು. ಫಿರ್ಯಾದಿಯೊಂದಿಗೆ ರಾಜಿಯಾದ ಪ್ರಕರಣಕ್ಕೂ ಕಾನೂನಿನ ಪ್ರಕಾರ ಖುಲಾಸೆಯ ಫಲವೇ ಇದೆ. ಪೊಲೀಸರ ಮಹಜರಿಗೆ (ಸ್ಥಳ ಪರಿಶೀಲನೆ, ಜಪ್ತಿಯ ದಾಖಲೆ) ಸಾಕ್ಷಿಯಾದ ಪಂಚರೂ ಪ್ರತ್ಯಕ್ಷ ಸಾಕ್ಷಿಗಳೂ ತಿರುಗಿಬಿದ್ದು ಕುಸಿದ ಪ್ರಕರಣವೂ ಖುಲಾಸೆಯೇ. ಅವುಗಳಲ್ಲಿ ವಕೀಲರ ಪಾತ್ರ ಬಹಳ ಸಣ್ಣದಿರಬಹುದು. ಅತ್ತ, 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 302ನೇ ಕಲಮಿನ ಕೊಲೆ ಆರೋಪವನ್ನು 304ನೇ ಕಲಮಿನ ಎರಡನೇ ಭಾಗಕ್ಕೆ (ಕೊಲೆಯಲ್ಲದ ನರಹತ್ಯೆ) ಇಳಿಸಿದ ವಕೀಲರು ತಮ್ಮ ಕಕ್ಷಿದಾರರನ್ನು ಮರಣದಂಡನೆ ಅಥವಾ ಜೀವಾವಧಿಯಿಂದ ಪಾರುಮಾಡಿ, ಹೆಚ್ಚೆಂದರೆ ಹತ್ತು ವರ್ಷದ ಶಿಕ್ಷೆಗೆ ತಂದಿರುತ್ತಾರೆ. ದಾಖಲೆಯಲ್ಲಿ ಅದು ಸೋಲು. ಆ ಮನೆಯವರನ್ನು ಕೇಳಿದರೆ ಉತ್ತರ ಬೇರೆ.

ಆದರೂ ಈ ಸೇವೆಯನ್ನು ನಾನು ಶಿಫಾರಸು ಮಾಡುವುದು ಅದರ ‘ಪ್ರಕರಣದ ಇತಿಹಾಸ’ ಎಂಬ ಭಾಗಕ್ಕಾಗಿ. ಅಲ್ಲಿ ಪ್ರತಿ ದಿನಾಂಕದ ಮೇಲೆ ಒತ್ತಿದರೆ ಅಂದಿನ ಕಲಾಪದ ಟಿಪ್ಪಣಿ ಕಾಣುತ್ತದೆ, ಮತ್ತು ವಕೀಲರ ನಿಜವಾದ ಪರಿಚಯ ಆಗುವುದು ಈ ಪುಟ್ಟ ಸಾಲುಗಳಲ್ಲಿ. ಮುಖ್ಯ ಸಾಕ್ಷಿ ಹಾಜರಿದ್ದ ದಿನ ‘ಆರೋಪಿ ಪರ ವಕೀಲರು ಗೈರು, ಪಾಟಿ ಸವಾಲು ನಿಲ್’ (ಅಂದರೆ ಆ ಸಾಕ್ಷಿಯನ್ನು ಆರೋಪಿಯ ಪರವಾಗಿ ಯಾರೂ ಪ್ರಶ್ನಿಸಲಿಲ್ಲ) ಎಂಬ ಧಾಟಿಯ ನಮೂದು ಕಂಡರೆ, ಆಮೇಲೆ ಆ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಿದರೇ, ಅದು ಮಂಜೂರಾಯಿತೇ ಎಂದು ಮುಂದಿನ ದಿನಾಂಕಗಳಲ್ಲಿ ನೋಡಬೇಕು. ಒಮ್ಮೆ ಹೀಗಾದರೆ ಕಾರಣ ಏನೂ ಇರಬಹುದು, ಕೇಸಿನಿಂದ ಕೇಸಿಗೆ ಇದೇ ಕಂಡರೆ ಬೇರೆ ವಕೀಲರನ್ನು ಹುಡುಕುವುದು ಲೇಸು. ಜಾಮೀನು ಆದೇಶಗಳನ್ನೂ ಹಾಗೆಯೇ ಓದಬಹುದು: 60 ಅಥವಾ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ, ಆದರೆ ಪಟ್ಟಿ ಬರುವ ಮೊದಲೇ ಅದಕ್ಕೆ ಅರ್ಜಿ ಹಾಕಿರಬೇಕು. ಅವಧಿ ಮುಗಿದ ಮರುದಿನವೇ ಅರ್ಜಿ ಹಾಕಿದವರು ದಿನ ಎಣಿಸುತ್ತಾ ಕುಳಿತಿದ್ದರು ಎಂದೇ ಅರ್ಥ. ತೀರ್ಪಿನ ಪ್ರತಿ ಲಭ್ಯವಿದ್ದರೆ, ತನಿಖಾಧಿಕಾರಿಯ ಪಾಟಿ ಸವಾಲಿನ ಬಗ್ಗೆ ನ್ಯಾಯಾಧೀಶರು ಬರೆದಿರುವ ಪ್ಯಾರಾಗಳನ್ನು ಓದಿ. ಮಹಜರಿನ ಸಮಯ, ಸಹಿ, ಜಪ್ತಿ ಮಾಡಿದ ವಸ್ತುವಿನ ಮೊಹರುಗಳ ಬಗ್ಗೆ ಯಾರು ಏನು ಕೇಳಿದರು ಎಂಬುದು ಅಲ್ಲೇ ಇರುತ್ತದೆ.

ಕೇಸಿನ ಕಡತ ಓದುವ ಸಾಧನವೆಂದು ಇದಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ವಕೀಲರನ್ನು ಅಂಕಿಗಳಲ್ಲಿ ಅಳೆಯುವ ಸಾಧನವೆಂದಾದರೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಸೆಷನ್ಸ್ ನ್ಯಾಯಾಲಯದ ಖುಲಾಸೆಯನ್ನು ಹೈಕೋರ್ಟ್ ಆಮೇಲೆ ರದ್ದುಪಡಿಸಿದ್ದರೂ ಜಿಲ್ಲೆಯ ಪಟ್ಟಿಯ ಇತ್ಯರ್ಥದ ಅಂಕಣವನ್ನಷ್ಟೇ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ಮೇಲ್ಮನವಿಯನ್ನು ಹೈಕೋರ್ಟಿನ ವಿಭಾಗದಲ್ಲಿ, ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಸರಿಯಾದುದನ್ನು ಆರಿಸಿ, ಪ್ರತ್ಯೇಕವಾಗಿ ಹುಡುಕಬೇಕಾಗುತ್ತದೆ.