ಲ್ಯೂಟಿಗೆ ಯಾವ ತಂತಿ: ಕುರಿ ಕರುಳೋ, ನೈಲಾನೋ, ನೈಲ್‌ಗಟ್ಟೋ?

ಲ್ಯೂಟ್ ಅಂದರೆ ಬೆರಳಿನಿಂದ ಮೀಟಿ ನುಡಿಸುವ ಯುರೋಪಿನ ಹಳೆಯ ತಂತಿವಾದ್ಯ. ನನ್ನ ಲ್ಯೂಟಿಗೆ ಮೂರು ಬಗೆಯ ತಂತಿ ಕಟ್ಟಿ, ತಿಂಗಳುಗಟ್ಟಲೆ ನುಡಿಸಿ ನೋಡಿದ್ದೇನೆ. ಮನಸ್ಸಿಗೆ ಹಿಡಿಸಿದ್ದು ಕುರಿ ಕರುಳಿನದು. ಆದರೆ ಎಲ್ಲ ತಂತಿಗೂ ಅಲ್ಲ.

ನೈಲಾನ್ ಅಗ್ಗ, ಶ್ರುತಿಯೂ ನಿಲ್ಲುತ್ತದೆ. 1940ರ ದಶಕದ ಯುದ್ಧಕಾಲದಲ್ಲಿ ಕರುಳೆಲ್ಲ ಗಾಯ ಹೊಲಿಯುವ ದಾರಕ್ಕೆ ಹೋಗುತ್ತಿತ್ತು. ಆಗ ಗಿಟಾರಿಗೆ ನೈಲಾನ್ ಬಂತು, ಚೆನ್ನಾಗಿ ಒಗ್ಗಿತು. ನನ್ನ ಲ್ಯೂಟಿಗೆ ಮಾತ್ರ ಒಗ್ಗಲಿಲ್ಲ. ನೈಲಾನ್ ಹಗುರ ಅಲ್ವಾ, ಕರುಳು 0.42 ಮಿ.ಮೀ. ಸಾಕಾಗುವ ಕಡೆ ಅದೇ ಬಿಗಿಗೆ ಇದು 0.46 ಬೇಕು. ದಪ್ಪ ಜಾಸ್ತಿಯಾದಷ್ಟೂ ನಾದ ಮಂಕು.

ಇಟಲಿಯ ಅಕ್ವಿಲಾ ತಯಾರಿಸುವ ನೈಲ್‌ಗಟ್ ಕೃತಕವಾದರೂ ಕರುಳಿನಷ್ಟೇ ತೂಕದ್ದು. ಮೊದಲ ವಾರ ಬಿರಡೆ ತಿರುಗಿಸಿದಷ್ಟೂ ಹಿಗ್ಗುತ್ತದೆ. ಆಮೇಲೆ ತೇವದ ದಿನಗಳಲ್ಲೂ ಅಲುಗಾಡುವುದಿಲ್ಲ.

ಇನ್ನು ಕರುಳು. ಕ್ಯಾಟ್‌ಗಟ್ ಅಂತ ಕರೆದರೂ ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಕುರಿಯ ಸಣ್ಣ ಕರುಳನ್ನು ತೊಳೆದು, ಕೊಬ್ಬು ಹೆರೆದು, ಕ್ಷಾರದ ನೀರಲ್ಲಿ ನೆನೆಸಿ, ಹಸಿಯಿರುವಾಗಲೇ ಹುರಿಮಾಡಿ, ಬಿಗಿದು ಒಣಗಿಸುತ್ತಾರೆ. ಲ್ಯೂಟಿನ ಅತಿ ಸಣ್ಣ ತಂತಿಗೆ ಒಂದು ಕರುಳು, ಅತಿ ದಪ್ಪದ್ದಕ್ಕೆ ಒಂಬತ್ತು ಅಂತ ಜರ್ಮನ್ ವಿದ್ವಾಂಸ ಕಿರ್ಚರ್ 1650ರಲ್ಲಿ ರೋಮಿನಲ್ಲಿ ಬರೆದಿದ್ದಾನೆ. ಈಗ ದನದ ಕರುಳಿನ ಪಟ್ಟಿಗಳಿಂದ ಮಾಡಿದ್ದೂ ಸಿಗುತ್ತದೆ. ಅದನ್ನೂ ಕಟ್ಟಿದೆ. ಬಾಳಿಕೆ ಜಾಸ್ತಿ, ಆದರೆ ಬೆರಳಿಗೆ ಸ್ವಲ್ಪ ಒರಟು. ಕುರಿಯದು ಮೆತ್ತಗೆ ಬಾಗುತ್ತದೆ. ಮೀಟಿದ ಕೂಡಲೇ ಅಕ್ಷರ ಬಿಡಿಸಿ ಹೇಳಿದ ಹಾಗೆ ಸ್ವರ ಸ್ಪಷ್ಟವಾಗಿ ಏಳುತ್ತದೆ, ಬೇಗ ಅಡಗಿ ಮುಂದಿನ ಸ್ವರಕ್ಕೆ ಜಾಗ ಬಿಡುತ್ತದೆ. ಒಟ್ಟೊಟ್ಟಿಗೆ ಮೂರು ಧಾಟಿ ನಡೆಯುವ ಹಳೆಯ ಸಂಗೀತಕ್ಕೆ ಇದು ಬೇಕೇ ಬೇಕು.

ಕೊಳ್ಳುವಾಗ ಒಂದು ಹಳೆಯ ಪರೀಕ್ಷೆ ಇದೆ. ತಂತಿಯ ಎರಡು ತುದಿ ಹಿಡಿದು ಬಿಗಿಯಾಗಿ ಎಳೆದು ಮೀಟಿ. ಅದುರುವಾಗ ಎರಡೇ ಗೆರೆ ಕಂಡರೆ ಒಳ್ಳೆಯದು. ಮೂರು ಕಂಡರೆ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲ, ಶ್ರುತಿ ಕೂಡುವುದಿಲ್ಲ.

ನನ್ನ ಲ್ಯೂಟಿನಲ್ಲಿ ಅತಿ ತಾರದ ಮೇಲಿನ ತಂತಿ ಒಂಟಿ, ಉಳಿದವು ಎರಡೆರಡರ ಜೋಡಿ. ಕಷ್ಟ ಇರುವುದು ಆ ಒಂಟಿ ತಂತಿಯಲ್ಲಿ. ಎರಡನೇ ವಾರಕ್ಕೇ ಮೆಟ್ಟಿಲು ತಗಲುವ ಕಡೆ ಕೂದಲಿನಂಥ ಎಳೆ ಎದ್ದಿತು. ಉಗುರುಕಟ್ಟರಿನಿಂದ ಕತ್ತರಿಸಿ, ಎಣ್ಣೆ ಸವರಿದೆ. ಮತ್ತೊಂದು ವಾರಕ್ಕೆ ಕಿತ್ತೇ ಹೋಯಿತು. ಈಗ ಅಲ್ಲಿ ನೈಲ್‌ಗಟ್ ಇದೆ. ಎರಡರಿಂದ ಐದನೆಯ ಜೋಡಿಯವರೆಗೆ ಕುರಿ ಕರುಳು.